ಅಪಾಯಕ್ಕೊಬ್ಬ ಧಣಿ

14ನೆಯ ಶತಮಾನದ ಕೊನೆಗೆ ಚಾಸರ್ ಬರೆದ ‘ಕ್ಯಾಂಟರ್‌ಬರಿ ಟೇಲ್ಸ್’ ಕಾವ್ಯದ ಪೀಠಿಕೆಯಲ್ಲಿ ಚರ್ಚಿನ ನ್ಯಾಯಾಲಯದ ಅಮೀನನೊಬ್ಬ ಬರುತ್ತಾನೆ. ಗುಳ್ಳೆ ತುಂಬಿದ ಕೆಂಪು ಮುಖ, ಬೆಳ್ಳುಳ್ಳಿ ಈರುಳ್ಳಿಯ ಚಪಲ. ಒಂದಿಷ್ಟು ದ್ರಾಕ್ಷಾರಸ ಕೊಟ್ಟರೆ ಎಂಥ ಹಾದರಕ್ಕೂ ಕಣ್ಣು ಮುಚ್ಚಿಕೊಳ್ಳುವ ಆಸಾಮಿ. ಆ ಸೀಮೆಯ ಎಳೆಯರೆಲ್ಲ ಇವನ ‘ಡೇಂಜರ್’ನಲ್ಲಿದ್ದರು ಎನ್ನುತ್ತಾನೆ ಚಾಸರ್. ಈಗಿನ ಇಂಗ್ಲಿಷನ್ನೇ ಬಲ್ಲವರು ಇವನಿಂದ ಅವರಿಗೆ ಅಪಾಯವಿತ್ತು ಎಂದು ಓದಿಕೊಂಡಾರು. ಚಾಸರ್ ಹೇಳಿದ್ದು ಅವರು ಇವನ ಮುಷ್ಟಿಯಲ್ಲಿದ್ದರು ಎಂದು. ನಾರ್ಮನ್ನರ ಹಿಂದೆ ಫ್ರೆಂಚಿನಿಂದ ಬಂದ ಈ ಪದದ ಬುಡದಲ್ಲಿರುವುದು ಧಣಿ ಎಂಬರ್ಥದ ಲ್ಯಾಟಿನ್ನಿನ ‘ದೋಮಿನುಸ್’. ಸುಮಾರು ಇನ್ನೂರು ವರ್ಷ ಕಳೆದ ಮೇಲೂ ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ವಿಚಾರಣೆಯಲ್ಲಿ ವಕೀಲನ ವೇಷದ ಪೋರ್ಷಿಯ, ನೀನು ಶೈಲಾಕನ ಡೇಂಜರಿನಲ್ಲಿದ್ದೀಯಲ್ಲವೇ ಎಂದು ಆಂಟೋನಿಯೋನನ್ನು ಕೇಳುತ್ತಾಳೆ. ಬರೆದುಕೊಟ್ಟ ಪತ್ರದಿಂದಾಗಿ ಅವನ ಜೀವ ಸಾಲ ಕೊಟ್ಟವನ ಕೈಯಲ್ಲಿದೆ, ಅಷ್ಟೇ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಸಹೋದರನ ಮೇಲೆ ಕಾರಣವಿಲ್ಲದೆ ಸಿಟ್ಟಾಗುವವನು ನ್ಯಾಯತೀರ್ಪಿನ ಡೇಂಜರಿನಲ್ಲಿರುತ್ತಾನೆ, ಅಂದರೆ ಅದಕ್ಕೆ ಗುರಿಯಾಗುತ್ತಾನೆ. 20ನೆಯ ಶತಮಾನದ ಅನುವಾದಕರು ಅಲ್ಲಿ ಪದವನ್ನೇ ಬದಲಾಯಿಸಬೇಕಾಯಿತು.

ಇದೊಂದೇ ಪದದ ಕಥೆಯಾಗಿದ್ದರೆ ಕುತೂಹಲಕ್ಕೆ ಓದಿ ಬಿಡಬಹುದಿತ್ತು. ಆದರೆ ಇಂಗ್ಲಿಷಿನ ಅಪಾಯದ ಮಾತುಗಳನ್ನು ಒಂದೊಂದಾಗಿ ಹಿಡಿದು ಹಿಂದಕ್ಕೆ ಹೋದರೆ ಎದುರಾಗುವುದು ಕಾಡುಮೃಗವೋ ಸಿಡಿಲೋ ಅಲ್ಲ, ಬಹುಪಾಲು ಇನ್ನೊಬ್ಬ ಮನುಷ್ಯ. ಯಾರು ಯಾರ ಹಿಡಿತದಲ್ಲಿದ್ದಾರೆ, ಸೋತರೆ ನಷ್ಟ ಯಾರ ತಲೆಗೆ ಎಂಬ ವ್ಯವಹಾರದಲ್ಲೇ ಆ ಭಾಷೆ ಅಪಾಯವನ್ನು ಮಾತಿಗಿಳಿಸಿತು ಎಂಬುದು ನನ್ನ ವಾದ. ‘ಜೆಪರ್ಡಿ’ ಎಂದರೆ ಫ್ರೆಂಚಿನ ‘ಜ್ಯೂ ಪಾರ್ತಿ’, ಎರಡೂ ಕಡೆಗೆ ಸಮನಾಗಿ ತೂಗುವ ಆಟ. ಚದುರಂಗದ ಸಮಸ್ಯೆಗಳಿಗೂ ಅದೇ ಹೆಸರಿತ್ತು. ‘ಹಝಾರ್ಡ್’ ದಾಳದ ಜೂಜು. ಅದರ ಮೂಲ ಅರಬ್ಬಿಯೋ ಅಲ್ಲವೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ, ಜೂಜೆಂಬುದರಲ್ಲಿ ತಕರಾರಿಲ್ಲ. ‘ರಿಸ್ಕ್’ ತಡವಾಗಿ, 17ನೆಯ ಶತಮಾನದಲ್ಲಿ ಬಂತು, ಇಟಲಿಯಿಂದ ಫ್ರಾನ್ಸಿನ ದಾರಿಯಾಗಿ.

ಹಾಗಾದರೆ ಸಮುದ್ರ? ದ್ವೀಪದ ಜನ ಬಿರುಗಾಳಿಗೆ ಹೆದರದೆ ಇದ್ದರೇ ಎಂದು ಕೇಳಬಹುದು. ಆ ಹೆದರಿಕೆಗೆ ಕಾಗದದ ಮೇಲಿನ ದಾಖಲೆಯೇ ಇದೆ. ಲಂಡನ್ನಿನ ಲಾಯ್ಡ್ಸ್ ಸಂಸ್ಥೆ 1779ರಲ್ಲಿ ಒಪ್ಪಿಕೊಂಡ ಹಡಗು ವಿಮೆಯ ಪಾಲಿಸಿ ನಮೂನೆ 1980ರ ದಶಕದ ಆರಂಭದವರೆಗೂ ಬಳಕೆಯಲ್ಲಿತ್ತು. ವಿಮೆಗಾರ ಯಾವ್ಯಾವ ‘ಪೆರಿಲ್’ಗಳ ನಷ್ಟ ಹೊರುತ್ತಾನೆಂದು ಅದರಲ್ಲಿ ಒಂದೇ ಉಸಿರಿನ ಪಟ್ಟಿಯಿದೆ. ಮೊದಲು ಸಮುದ್ರ, ಆಮೇಲೆ ಯುದ್ಧನೌಕೆ, ಬೆಂಕಿ. ಅಲ್ಲಿಂದ ಮುಂದೆ ಶತ್ರುಗಳು, ಕಡಲ್ಗಳ್ಳರು, ಅಲೆಮಾರಿ ಲೂಟಿಗಾರರು, ಕಳ್ಳರು, ಶತ್ರುಹಡಗನ್ನು ದೋಚಲು ಸರ್ಕಾರವೇ ಕೊಡುವ ಪರವಾನಗಿ ಪತ್ರಗಳು, ಯಾವುದೇ ದೇಶದ ರಾಜರು ರಾಜಕುಮಾರರು ಹಡಗನ್ನು ತಡೆದು ಹಿಡಿದಿಟ್ಟುಕೊಳ್ಳುವುದು, ಕೊನೆಗೆ ಕಪ್ತಾನನೂ ಖಲಾಸಿಗಳೂ ಮಾಲೀಕನಿಗೇ ಬಗೆಯುವ ದ್ರೋಹ. ನೀರು ಮತ್ತು ಬೆಂಕಿ ಬಿಟ್ಟರೆ ಪಟ್ಟಿಯಲ್ಲಿ ಹೆಚ್ಚಾಗಿ ತುಂಬಿಕೊಂಡವರು ಮನುಷ್ಯರೇ. 1906ರ ಬ್ರಿಟಿಷ್ ಕಾಯ್ದೆ ಈ ನಮೂನೆಯನ್ನು ಅನುಬಂಧಕ್ಕೆ ಸೇರಿಸಿಕೊಂಡಿತು. ನಮ್ಮ 1963ರ ಸಾಗರ ವಿಮಾ ಕಾಯ್ದೆಗೂ ಅದೇ ಮಾದರಿಯಾಯಿತು. ಅರ್ಥವಿವರಣೆಯ ನಿಯಮಗಳು ಇನ್ನೂ ಸ್ವಾರಸ್ಯ. ಗಾಳಿ ಮತ್ತು ಅಲೆಗಳ ದಿನನಿತ್ಯದ ಹೊಡೆತ ‘ಸಮುದ್ರದ ಪೆರಿಲ್’ ಅಲ್ಲ, ಅಕಸ್ಮಾತ್ತಾಗಿ ಬಂದೆರಗಿದ್ದು ಮಾತ್ರ. ಕಡಲ್ಗಳ್ಳ ಎಂಬ ಪದದಲ್ಲಿ ದಂಗೆಯೆದ್ದ ಪ್ರಯಾಣಿಕರೂ ದಡದಿಂದ ಹಡಗಿನ ಮೇಲೆ ಬೀಳುವ ಗಲಭೆಕೋರರೂ ಸೇರುತ್ತಾರೆ. ಪ್ರಕೃತಿಯ ಮಟ್ಟಿಗೆ ಬಿಗಿ ಹಿಡಿದ ಕಾನೂನು ಮನುಷ್ಯನ ಮಟ್ಟಿಗೆ ಬಾಗಿಲು ಅಗಲವಾಗಿ ತೆರೆದಿಟ್ಟಿದೆ.

ಇದಕ್ಕೆ ಎರಡು ಆಕ್ಷೇಪಣೆಗಳಿವೆ. ಪದದ ಬೇರೇ ಪದದ ಅರ್ಥವಲ್ಲ ಎಂಬುದು ಮೊದಲನೆಯದು. ಸರಿಯಾದ ಮಾತು, ಆದ್ದರಿಂದಲೇ ನಾನು ಭಾರ ಹಾಕಿದ್ದು ಬೇರಿನ ಮೇಲಲ್ಲ, ಕಾವ್ಯ, ನಾಟಕ, ಧರ್ಮಗ್ರಂಥ, ಪಾಲಿಸಿಗಳಲ್ಲಿ ಆದ ಬಳಕೆಯ ಮೇಲೆ. ಎರಡನೆಯದು ಹೆಚ್ಚು ಗಟ್ಟಿ: ಫ್ರೆಂಚಿನಿಂದ ಬಂದವು ಆಳುವವರ ಮಾತುಗಳು, ಅವುಗಳಲ್ಲಿ ಧಣಿ ಮತ್ತು ಜೂಜಾಟ ಕಾಣುವುದರಲ್ಲಿ ಏನು ಆಶ್ಚರ್ಯ, ಹೊಲ ಉಳುವವನ ಹಳೆಯ ಇಂಗ್ಲಿಷ್ ಏನೆನ್ನುತ್ತದೆ? ಅಲ್ಲಿಯೂ ‘ಥ್ರೆಟ್’ ಮೊದಲು ಜನರ ಗುಂಪು. ಗುಂಪು ಹೇರುವ ಒತ್ತಡ, ಬೆದರಿಕೆ ಎಲ್ಲ ಅದರಿಂದ ಬೆಳೆದವು. ಮದುವೆಯಲ್ಲಿ ಮಾತು ಕೊಡುವಾಗ ಇಂಗ್ಲಿಷರು ಬಳಸುತ್ತಿದ್ದ ‘ಪ್ಲೈಟ್’ ಹಿಂದೆ ಅಪಾಯಕ್ಕೇ ಇದ್ದ ಹೆಸರು: ಮಾತು ಕೊಟ್ಟವನು ತನ್ನನ್ನೇ ಪಣಕ್ಕಿಟ್ಟಂತೆ. ಆದರೂ ‘ಫಿಯರ್’ ನನ್ನ ವಾದಕ್ಕೆ ಒಗ್ಗುವುದಿಲ್ಲ. ಭಯವಾಗುವ ಮೊದಲು ಅದರ ಅರ್ಥ ಥಟ್ಟನೆ ಬಂದೆರಗುವ ಆಪತ್ತು, ಅದರಲ್ಲಿ ಯಾವ ಧಣಿಯೂ ಇಲ್ಲ. ಈ ಅಪವಾದವನ್ನು ಹಾಗೆಯೇ ಇರಗೊಡಬೇಕು. ಆ ಪದ ಮಾತ್ರ ಕಾಲಕ್ರಮದಲ್ಲಿ ಹೊರಗಿನ ಆಪತ್ತನ್ನು ಬಿಟ್ಟು ಮನಸ್ಸಿನೊಳಕ್ಕೆ ಸರಿದುಕೊಂಡಿತು.

ಅಪಾಯ ಮನುಷ್ಯನನ್ನು ಬಿಟ್ಟು ವಸ್ತುವಿಗೆ ಅಂಟಿಕೊಂಡದ್ದರಲ್ಲಿ ಯಂತ್ರಯುಗದ ಪಾಲು ದೊಡ್ಡದು. ಬಾಯ್ಲರು, ಗಣಿ, ಸಿಡಿಮದ್ದು ಬಂದವು. ಬ್ರಿಟನ್ನಿನ ಸಿಡಿಮದ್ದು ಕಾಯ್ದೆ 1875ರದ್ದು. ರೈಲ್ವೆಯಲ್ಲಿ ಕೆಂಪು ಸಿಗ್ನಲ್ಲಿನ ಸ್ಥಿತಿಗೇ ‘ಡೇಂಜರ್’ ಎಂಬ ಹೆಸರು ಬಂತು, ಅದನ್ನು ದಾಟಿ ಗಾಡಿ ಓಡಿಸುವುದಕ್ಕೆ ನಮ್ಮ ರೈಲ್ವೆಯವರೂ ‘ಸಿಗ್ನಲ್ ಪಾಸಿಂಗ್ ಅಟ್ ಡೇಂಜರ್’ ಎನ್ನುತ್ತಾರೆ. ಯಾರ ಡೇಂಜರ್ ಎಂದು ಕೇಳುವ ಹಾಗೇ ಇಲ್ಲ. ಹೆಸರಿಲ್ಲದ ಈ ಅಪಾಯ ಮಾಲೀಕರಿಗೆ ಅನುಕೂಲವೇ ಆಯಿತು ಎಂದು ನನಗನ್ನಿಸುತ್ತದೆ: ಫಲಕ ನೇತುಹಾಕಿದರೆ ಎಚ್ಚರ ತಪ್ಪಿದವನದೇ ತಪ್ಪು. ಪದ ಕಳೆದುಕೊಂಡ ಧಣಿಯನ್ನು ಕಾನೂನು ಮತ್ತೆ ಹುಡುಕಿ ತರಬೇಕಾಯಿತು. ಭಾರತದ 1956ರ ವಿದ್ಯುಚ್ಛಕ್ತಿ ನಿಯಮಗಳ 35ನೆಯ ನಿಯಮ ತಲೆಬುರುಡೆ ಮತ್ತು ಮೂಳೆಯ ಚಿತ್ರದ ಎಚ್ಚರಿಕೆ ಫಲಕವನ್ನು ಹಿಂದಿ ಅಥವಾ ಇಂಗ್ಲಿಷಿನ ಜೊತೆಗೆ ಆಯಾ ಜಿಲ್ಲೆಯ ಭಾಷೆಯಲ್ಲೂ ಹಾಕಬೇಕೆಂದು ಹೇಳಿತು. ಹಾಕಬೇಕಾದವನು ಯಾರು ಎಂಬುದನ್ನೂ ಅದು ಬಿಡಲಿಲ್ಲ: ಆ ವಿದ್ಯುತ್ ಸ್ಥಾವರದ ಮಾಲೀಕ.