ಲಿಂಗ ಬಿಟ್ಟ ಕೈಗೆ ಸಿಕ್ಕ ಪುಸ್ತಕ

ಶಿಲುಬೆ ಎಂಬ ಪದ ಕನ್ನಡದಲ್ಲಿ ಹುಟ್ಟಿದ್ದಲ್ಲ. ಸಿರಿಯಾಕ್ ಭಾಷೆಯ ‘ಸ್ಲೀಬಾ’ ತಮಿಳಿನಲ್ಲಿ ‘ಸಿಲುವೈ’ ಆಯಿತು, ನಮ್ಮಲ್ಲಿಗೆ ಬರುವಷ್ಟರಲ್ಲಿ ‘ಶಿಲುಬೆ’ಯಾಗಿತ್ತು. ಪಾದ್ರಿ, ಇಗರ್ಜಿ ಎಂಬ ಪದಗಳು ಪೋರ್ತುಗೀಸರ ಹಡಗಿನಿಂದ ಇಳಿದವು. ಆದರೆ ಅದೇ ಧರ್ಮದ ಗ್ರಂಥವನ್ನು ಕನ್ನಡದ ಪ್ರೊಟೆಸ್ಟಂಟರು ಕರೆಯುವುದು ‘ಸತ್ಯವೇದ’ ಎಂದು. ಕ್ರೈಸ್ತರಾಗುವವರಿಗೆ ಕೊಡುವುದು ‘ದೀಕ್ಷಾಸ್ನಾನ’. ಕ್ಯಾಥೊಲಿಕರು ಪೂಜೆಯಲ್ಲಿ ಸ್ವೀಕರಿಸುವುದು ‘ಪರಮಪ್ರಸಾದ’. ಯೋಹಾನನ ಸುವಾರ್ತೆಯ ಮೊದಲ ಸಾಲಿನ ಗ್ರೀಕ್ ‘ಲೋಗೋಸ್’ ಹಳೆಯ ಅನುವಾದದಲ್ಲಿ ‘ವಾಕ್ಯ’, ಈಚಿನದರಲ್ಲಿ ‘ದಿವ್ಯವಾಣಿ’.

ವೇದ, ದೀಕ್ಷೆ, ಪ್ರಸಾದ: ಮೂರೂ ಬೇರೆಯವರ ಮನೆಯಿಂದ ತಂದ ಪಾತ್ರೆಗಳು. ಅದರಲ್ಲೂ ಉತ್ತರ ಕರ್ನಾಟಕದಲ್ಲಿ ದೀಕ್ಷೆ, ಪ್ರಸಾದ ಎಂದರೆ ಕೇಳುವವರ ಮನಸ್ಸು ಮೊದಲು ಹೋಗುವುದು ಮಠದ ಕಡೆಗೆ. ಅಷ್ಟಾವರಣದಲ್ಲಿ ಪ್ರಸಾದವೂ ಒಂದು. ಹೀಗೆ ಕಡ ತಂದ ಪದಗಳಿಂದ ಒಂದು ಹೊಸ ನಂಬಿಕೆ ತನ್ನ ಸಂಕೇತಗಳನ್ನು ಕಟ್ಟಿಕೊಂಡಾಗ ಅದನ್ನು ಸಂವಾದ ಎನ್ನಬೇಕೇ, ಜಾಣ್ಮೆಯ ಪ್ರಚಾರ ಎನ್ನಬೇಕೇ? ಈ ಪ್ರಶ್ನೆಯನ್ನು ಸುಮ್ಮನೆ ತಾತ್ವಿಕವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ನಮ್ಮ ಕಡೆಯ ಊರುಗಳಲ್ಲಿ ಅದು ಹೇಗೆ ನಡೆಯಿತು ಎಂದು ನೋಡಬೇಕು.

ಸಾವಳಗಿಯಿಂದ ಜಮಖಂಡಿ, ಮುಧೋಳ, ಲೋಕಾಪುರ ಹಾದು ಬಾಗಲಕೋಟೆ ದಾಟಿದರೆ ಗುಳೇದಗುಡ್ಡ ಬರುತ್ತದೆ. ಎಲ್ಲರಿಗೂ ಅದು ಖಣದ ಊರು. ತೇರು, ಆನೆಹೆಜ್ಜೆಗಳನ್ನು ನೂಲಿನಲ್ಲೇ ಮೂಡಿಸುವ ನೇಕಾರರ ಊರು. 1851ರಲ್ಲಿ ಬಾಸೆಲ್ ಮಿಷನ್ ಇಲ್ಲಿ ತನ್ನ ಕೇಂದ್ರ ತೆರೆಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಿತ್ತು. ಅದಕ್ಕೂ ಮೊದಲೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತಂದಿದ್ದ. ಇಡೀ ಗ್ರಂಥ 1831ರ ಹೊತ್ತಿಗೆ ಮುಗಿದಿತ್ತು.

ಬಾಸೆಲ್ ಮಿಷನ್ನಿನವರು ಪಯಟಿಸ್ಟರು. ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯ ರೈತ, ಕುಶಲಕರ್ಮಿ ಮನೆಗಳಿಂದ ಬಂದವರೇ ಹೆಚ್ಚು. ಅವರ ಭಕ್ತಿ ಒಳಗಿನದು, ಕಟ್ಟುನಿಟ್ಟಿನದು. ಮೂರ್ತಿ ಬೇಡ, ಚಿತ್ರ ಬೇಡ, ಮೆರವಣಿಗೆ ಬೇಡ. ದೇವಾಲಯವೆಂದರೆ ಸುಣ್ಣ ಬಳಿದ ಗೋಡೆ, ಸಾಲು ಬೆಂಚು, ಒಂದು ಪ್ರಸಂಗಪೀಠ, ಒಂದು ಗಂಟೆ. ಪೂರ್ವಕ್ಕೆ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದ ಇರುವ ಕ್ಯಾಥೊಲಿಕ್ ಇಗರ್ಜಿಯ ಪರಂಪರೆಯೇ ಬೇರೆ: ಅಲ್ಲಿ ಮಾತೆ ಮರಿಯಳಿದ್ದಾಳೆ, ಹಬ್ಬವಿದೆ, ಮೇಣದಬತ್ತಿ ಇದೆ. ಗುಳೇದಗುಡ್ಡದ ಹೊಸ ಕ್ರೈಸ್ತನಿಗೆ ಇದಾವುದೂ ಇರಲಿಲ್ಲ.

ಲಿಂಗಾಯತ ಮನೆಯಿಂದ ಬಂದವನಿಗೆ ಇದೆಷ್ಟು ದೊಡ್ಡ ಬದಲಾವಣೆ ಎಂದು ನಾವು ಬೇಗ ಊಹಿಸುವುದಿಲ್ಲ. ಹುಟ್ಟಿನಿಂದ ಮೈಮೇಲೆ ಇದ್ದ ಲಿಂಗ, ಅದರ ಕರಡಿಗೆ, ಶಿವದಾರ. ದಿನವೂ ಅದನ್ನು ಎಡಗೈಯಲ್ಲಿಟ್ಟು, ಕಣ್ಣು ನೆಟ್ಟು ಕೂರುವ ರೂಢಿ. ದೇವರೆಂದರೆ ಅಂಗೈಯ ತೂಕ, ಅಂಗೈಯ ತಂಪು. ಅದನ್ನು ಕಳಚಿಟ್ಟವನಿಗೆ ಅದರ ಬದಲು ಕೊರಳಿಗೆ ಹಾಕಿಕೊಳ್ಳಲು ಪಯಟಿಸ್ಟ್ ಪಾದ್ರಿ ಒಂದು ಶಿಲುಬೆಯನ್ನೂ ಕೊಡುತ್ತಿರಲಿಲ್ಲ. ಅವನ ಕಣ್ಣಿಗೆ ಅದೂ ವಿಗ್ರಹದ ನೆರಳೇ. ಖಾಲಿಯಾದ ಕೈಗೆ ಸಿಕ್ಕಿದ್ದು ಪುಸ್ತಕ. ಓದಲು ಬಾರದವನಿಗೆ ಸಿಕ್ಕಿದ್ದು ಹಾಡು. ಹಾಗಾಗಿ ನಮ್ಮ ಭಾಗದ ಕ್ರೈಸ್ತ ಸಂಕೇತಗಳನ್ನು ಕಲ್ಲಿನಲ್ಲಿ, ಬಣ್ಣದಲ್ಲಿ ಹುಡುಕಿದರೆ ಹೆಚ್ಚೇನೂ ದಕ್ಕುವುದಿಲ್ಲ. ಅವು ಇರುವುದು ಕಿವಿಯಲ್ಲಿ.

ಕೇಳುವವರ ಕಿವಿಯಾದರೂ ಖಾಲಿ ಇರಲಿಲ್ಲ. ಕೀಳೆಂದು ಕರೆಸಿಕೊಂಡವರ ಜೊತೆ ಊಟಕ್ಕೆ ಕೂತ ಗುರು, ಅವನ ಮೇಲೆ ಮುನಿದ ಶಾಸ್ತ್ರಿಗಳು, ರಾಜ್ಯಾಧಿಕಾರ ಕೊಟ್ಟ ಕ್ರೂರ ಮರಣ: ಈ ಕಥೆಯನ್ನು ಮೊದಲ ಸಲ ಕೇಳಿದ ಬಾಗಲಕೋಟೆ ಸೀಮೆಯವನಿಗೆ ಹರಳಯ್ಯ, ಮಧುವರಸರು ನೆನಪಾಗದೆ ಇರಲಿಕ್ಕಿಲ್ಲ. ಕಲ್ಯಾಣದಲ್ಲಿ ಅವರಿಗೆ ಕೊಟ್ಟ ಎಳೆಹೂಟೆಯ ಶಿಕ್ಷೆಯ ಕಥೆ ಪುರಾಣ ಪ್ರವಚನಗಳಲ್ಲಿ ಮನೆಮಾತು. ಕೂಡಲಸಂಗಮ ಇದೇ ಜಿಲ್ಲೆಯಲ್ಲಿದೆ. ಕಪ್ಪಡಿ ಸಂಗಯ್ಯನ ನೆಲದಲ್ಲಿ ಶಿಲುಬೆಯ ಕಥೆ ವಿದೇಶಿ ಎನಿಸದಿರಲು ಹಳೆಯ ನೆತ್ತರಿನ ನೆನಪೇ ಸಾಕಿತ್ತು ಎಂದು ನನಗನ್ನಿಸುತ್ತದೆ. ಆದರೆ ಅದೇ ನೆನಪು ತೊಡಕೂ ಆಗಿರಬೇಕು. ‘ನಮ್ಮಲ್ಲೇ ಇಂಥವರು ಇದ್ದರಲ್ಲ’ ಎಂದು ಕೇಳಿದವನಿಗೆ ಪಾದ್ರಿ ಏನು ಹೇಳಬೇಕು?

ಈ ತೊಡಕು ಬಲು ಬೇಗ ಎದುರಾಯಿತು. ಧಾರವಾಡ, ಹುಬ್ಬಳ್ಳಿಗೆ ಬಂದ ಹೊಸದರಲ್ಲೇ ಮಿಷನರಿಗಳ ಬಳಿ ಕಾಲಜ್ಞಾನದ ಪಂಥದವರು ಬರತೊಡಗಿದರು. ಮುಂದೊಂದು ದಿನ ಗುರು ಬರುತ್ತಾನೆ, ಲೋಕ ತಿರುವುಮುರುವಾಗುತ್ತದೆ ಎಂದು ಕಾಯುತ್ತಿದ್ದ ಜನ ಅವರು. ಕೊಡೇಕಲ್ ಬಸವಣ್ಣನ ಹೆಸರಿನ ಕಾಲಜ್ಞಾನ ಪರಂಪರೆ ಈ ಸೀಮೆಯಲ್ಲಿ ಇಂದಿಗೂ ಜೀವಂತ. ಬರಲಿರುವ ಗುರು ಈ ಕ್ರಿಸ್ತನೇ ಇರಬಹುದೇ ಎಂಬ ಕುತೂಹಲ ಅವರದು. ಸುಗ್ಗಿ ಬಂತೆಂದು ಮಿಷನರಿಗಳು ಹಿಗ್ಗಿದರು. 1841ರಲ್ಲಿ ಬೆಟಗೇರಿಯ ಹತ್ತಿರ ಮಲಸಮುದ್ರದಲ್ಲಿ ಒಂದು ಬೇಸಾಯದ ವಸಾಹತನ್ನೇ ಶುರುಮಾಡಿದರು. ನಿರೀಕ್ಷಿಸಿದ್ದು ಆಗಲಿಲ್ಲ. ಒಂದೇ ಪದವನ್ನು ಎರಡೂ ಕಡೆಯವರು ಆಡುತ್ತಿದ್ದರು, ಅರ್ಥ ಮಾತ್ರ ಬೇರೆಬೇರೆ. ‘ಗುರು’ ಎಂದರೆ ಒಬ್ಬರಿಗೆ ಚಕ್ರದಂತೆ ಮರಳಿ ಬರುವವನು, ಇನ್ನೊಬ್ಬರಿಗೆ ಒಮ್ಮೆ ಬಂದು ಹೋದವನು.

ಇನ್ನು ಹಾಡಿನ ಸಂಗತಿ. ಜರ್ಮನ್ ಕೀರ್ತನೆಗಳ ಮಟ್ಟಿಗೆ ಕನ್ನಡ ಪದ ಕೂರಿಸುವುದು ಸುಲಭವಲ್ಲ. ಆ ಮಟ್ಟುಗಳು ನಡೆಯುವುದು ಒತ್ತಿನ ಮೇಲೆ, ಅಕ್ಷರಕ್ಕೊಂದು ಸ್ವರ. ಕನ್ನಡ ನಡೆಯುವುದು ಮಾತ್ರೆಯ ಮೇಲೆ, ಗುರು ಲಘುಗಳ ಲೆಕ್ಕದಲ್ಲಿ. ಮಟ್ಟಿನ ಹಟಕ್ಕೆ ಹ್ರಸ್ವವನ್ನು ಎಳೆದರೆ, ದೀರ್ಘವನ್ನು ಮೊಟಕು ಮಾಡಿದರೆ ಪದದ ಅರ್ಥವೇ ಕೆಡಬಹುದು. ಬಯಲುಸೀಮೆಯ ಚರ್ಚುಗಳಲ್ಲಿ ಹಳೆಯ ಕೀರ್ತನೆ ಕೇಳಿದವರಿಗೆ ಈ ಜಗ್ಗಾಟ ಗೊತ್ತು. ಭಜನೆಯ ಧಾಟಿಗೆ ಬಂದ ಕೂಡಲೇ ಅದೇ ಜನ ತಾಳ ಹಾಕತೊಡಗುವುದೂ ಗೊತ್ತು.

ಇದನ್ನು ಚೆನ್ನಾಗಿ ಅರಿತವನು ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಬಂದ ಅವನು ಧಾರವಾಡ ಸೀಮೆಯಲ್ಲಿ ಹಳ್ಳಿ ತಿರುಗಿ ಕನ್ನಡ ಕಲಿತ. 1862ರಲ್ಲಿ ಪ್ರಕಟವಾದ ಅವನ ‘ಕಥಾಮಾಲೆ’ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲೇ ಹೇಳುತ್ತದೆ. ಶಿಲುಬೆಗೆ ಕನ್ನಡದ ಲಯ ಬೇಕು ಎಂದು ಹೊರಟ ಪಾದ್ರಿ ಅಲ್ಲಿಗೇ ನಿಲ್ಲಲಿಲ್ಲ. ಲಯದ ಬೇರು ಹುಡುಕುತ್ತ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಸಂಪಾದಿಸಿದ. ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ನಿಘಂಟು. ಇಂದು ‘ಕಥಾಮಾಲೆ’ಯನ್ನು ಓದುವವರು ಎಷ್ಟು ಮಂದಿಯೋ, ನಿಘಂಟನ್ನು ತೆರೆಯದ ಕನ್ನಡ ವಿದ್ಯಾರ್ಥಿ ಇರಲಾರ. ಕಿಟೆಲ್‌ಗಿಂತ ಮೊದಲು ಮೋಗ್ಲಿಂಗ್ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದ್ದ. ಎದುರಾಳಿಯನ್ನು ಅರಿಯಲು ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದರೂ ಇರಲಿ, ಅಚ್ಚಾದದ್ದು ನಮಗೆ ಉಳಿಯಿತು.

ಕರಾವಳಿಯಲ್ಲಿ ಈ ಕಥೆಗೆ ಇನ್ನೊಂದು ತಿರುವು ಸಿಕ್ಕಿತು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿಸಿದರು, ಮುಂದೆ ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಾಗಿಸಿದಂತೆ. ಹಳಗನ್ನಡದ ಬಿಗಿ ಇರುವ ಆ ಭಾಷೆಯಲ್ಲಿ ಶಿಲುಬೆ ಯಾರನ್ನೂ ಯಾವ ಮತಕ್ಕೂ ಕರೆಯುವುದಿಲ್ಲ. ಒಬ್ಬ ಮನುಷ್ಯನ ಸಾವನ್ನು ಕಣ್ಣೆದುರು ನಿಲ್ಲಿಸುತ್ತದೆ, ಅಷ್ಟೇ. ಕಾವ್ಯವಾಗಿ ಅದು ದೊಡ್ಡದು. ನಂಬುವವರ ಇಕ್ಕಟ್ಟು ಮಾತ್ರ ಅಲ್ಲಿಲ್ಲ.

ಆ ಇಕ್ಕಟ್ಟನ್ನು ಬಟ್ಟೆಯಂತೆ ಮೈಮೇಲೆ ಹೊದ್ದವರು ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿದ್ದರು. ಜೆಸುಯಿಟ್ ಪಾದ್ರಿ ಅರ್ಮಾಂಡೊ ಅಲ್ವಾರೆಸ್ ಸ್ವಾಮಿ ಅನಿಮಾನಂದರಾದರು. ಕಾವಿ ತೊಟ್ಟರು, ಮಾಂಸ ಬಿಟ್ಟರು. ಅಲ್ಲಿನದು ಚರ್ಚಲ್ಲ, ‘ಸ್ನಾನಿಕ ಅರುಳಪ್ಪನವರ ವಿರಕ್ತ ಮಠ’. ಸ್ನಾನಿಕ ಅರುಳಪ್ಪ ಎಂದರೆ ಯೊರ್ದಾನ್ ಹೊಳೆಯಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದ ಯೋಹಾನ. ಇದು ವೇಷ ಎನ್ನುವವರು ಎರಡೂ ಕಡೆ ಸಿಗುತ್ತಾರೆ: ನಮ್ಮ ವಿರಕ್ತ ಮಠದ ಹೆಸರು ಇವರಿಗೇಕೆ ಎಂದು ಕೆಲವರು, ಇದೇನು ಕ್ರೈಸ್ತ ಪೂಜೆಯೇ ಎಂದು ಕೆಲವರು. ಇಬ್ಬರ ಅನುಮಾನವನ್ನೂ ತಳ್ಳಿಹಾಕಲಾರೆ. ಕಾವಿಯನ್ನು ಒಬ್ಬ ಮನುಷ್ಯ ಬದುಕಿಡೀ ತೊಟ್ಟು, ಅದರ ನೇಮಗಳನ್ನೂ ಪಾಲಿಸಿದರೆ ಅದನ್ನು ವೇಷ ಎನ್ನಲು ನನಗೆ ಮನಸ್ಸು ಬಾರದು. ಆದರೆ ಮಠದ ಸಂಕೇತಗಳನ್ನು ತಂದವರು ಮಠದ ಮಾತನ್ನು ಎಷ್ಟು ಆಲಿಸಿದರು? ಸಾಲ ತಂದವರು ಸಾಲ ಕೊಟ್ಟವರ ಮನೆಯ ಕಷ್ಟಸುಖ ವಿಚಾರಿಸಿದರೇ?

ವಿಚಾರಿಸಿದವರು ಒಬ್ಬರಿದ್ದರು: ಉತ್ತಂಗಿ ಚನ್ನಪ್ಪ. 1881ರಲ್ಲಿ ಹುಟ್ಟಿದ ಅವರದು ಲಿಂಗಾಯತದಿಂದ ಕ್ರೈಸ್ತಮತಕ್ಕೆ ಬಂದ ಮನೆತನ. ವೃತ್ತಿಯಿಂದ ಬಾಸೆಲ್ ಮಿಷನ್ನಿನ ಪಾದ್ರಿ. ಅವರ 1921ರ ಪುಸ್ತಕದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’. ‘ವಿನಂತಿ’ ಎಂಬ ಪದವನ್ನು ಗಮನಿಸಿ. ಅವರ ಹಿಂದಿನವರಾಗಿದ್ದರೆ ‘ಕರೆ’ ಎನ್ನುತ್ತಿದ್ದರೇನೋ, ‘ಎಚ್ಚರಿಕೆ’ ಎನ್ನುತ್ತಿದ್ದರೇನೋ. ದನದ ಕೊಟ್ಟಿಗೆಯ ಸಣ್ಣ ಊರು ಗಂಗೆಯ ದಡದ ದೊಡ್ಡ ಕ್ಷೇತ್ರದ ಮುಂದೆ ಕೈಮುಗಿದು ನಿಂತಂತಿದೆ ಆ ಹೆಸರು.

ಅದೇ ಪಾದ್ರಿ ಊರೂರು ಅಲೆದು, ತಾಳೆಗರಿ ತಿರುವಿ, ಜನರ ಬಾಯಿಂದ ಕೇಳಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿದರು. 1924ರಲ್ಲಿ ಅದು ಪುಸ್ತಕವಾಯಿತು. ಬೀಸುಕಲ್ಲಿನ ಮುಂದೆ ಹೆಂಗಸರು ಹಾಡುವ ಮೂರು ಸಾಲಿನ ಮಟ್ಟು, ತಿರಿದುಣ್ಣುವ ಕವಿ: ಮಿಷನ್ನಿನ ಕೀರ್ತನೆ ಪುಸ್ತಕದಲ್ಲಿ ಜಾಗವಿಲ್ಲದ ಎಲ್ಲವೂ ಅಲ್ಲಿತ್ತು. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಅವರಿಗೆ ಸುಮ್ಮನೆ ಅಂಟಲಿಲ್ಲ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಆ ಬಳಿಕ, ಅನುಭವ ಮಂಟಪ ನಿಜಕ್ಕೂ ಇತ್ತೇ, ಅದು ಬರೀ ಕವಿಕಲ್ಪನೆಯೇ ಎಂಬ ತಕರಾರು ಎದ್ದಾಗ, ಇತ್ತು ಎಂದು ಆಧಾರ ಒದಗಿಸಲು ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಗ್ರಂಥ ಬರೆದವರೂ ಅವರೇ. ಆಗ ಅವರಿಗೆ ವಯಸ್ಸು ಎಪ್ಪತ್ತರ ಹತ್ತಿರ.