ಘಟ್ಟದ ಮೇಲೂ ಕೆಳಗೂ ದುಃಖಕ್ಕಿದ್ದ ಆಸರೆಗಳು

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯನ್ನು ಕನ್ನಡನಾಡು ನೆನೆಯುವುದು 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದ ಊರೆಂದು. ತಾಯಿಯ ತವರಾದ ಆ ಊರಿನಲ್ಲಿ ಮಗು ಕಣ್ಣುಬಿಟ್ಟ ಕಾಲಕ್ಕೆ ಸುತ್ತಲಿನ ಮಲೆನಾಡು ಸಾವಿನೊಡನೆ ದಿನನಿತ್ಯ ಏಗುತ್ತಿದ್ದ ಸೀಮೆಯಾಗಿತ್ತು ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಆಗ ಕಡೂರು ಜಿಲ್ಲೆಗೆ ಸೇರಿದ್ದ ಕೊಪ್ಪ, ಶೃಂಗೇರಿ ಹಾಗೂ 1915ರಲ್ಲಿ ನರಸಿಂಹರಾಜಪುರವೆಂದು ಹೊಸ ಹೆಸರು ಪಡೆದ ಎಡೇಹಳ್ಳಿಯ ಕಡೆಗಳಲ್ಲಿ ಚಳಿಜ್ವರ, ಅಂದರೆ ಮಲೇರಿಯಾ, ಮನೆಮನೆಯ ಕಾಯಿಲೆಯಾಗಿತ್ತು. ಊರುಗಳು ಜನವಿಲ್ಲದೆ ಸೊರಗುತ್ತಿರುವುದನ್ನು ಕಂಡ ಮೈಸೂರು ಸರ್ಕಾರ 1910ರ ದಶಕದಲ್ಲಿ ಮಲೆನಾಡಿನ ಅಭಿವೃದ್ಧಿಗೆಂದೇ ಪ್ರತ್ಯೇಕ ಯೋಜನೆಯನ್ನು ಕೈಗೊಳ್ಳಬೇಕಾಯಿತು. ಕುವೆಂಪು ಅವರೂ ಹನ್ನೆರಡರ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಸ್ವಾತಂತ್ರ್ಯಾನಂತರ ಜ್ವರ ಹಿಮ್ಮೆಟ್ಟುವ ಹೊತ್ತಿಗೆ ಇನ್ನೊಂದು ಬಗೆಯ ನಷ್ಟ ಎದುರಾಯಿತು: ಲಕ್ಕವಳ್ಳಿಯಲ್ಲಿ ಕಟ್ಟಿದ ಭದ್ರಾ ಅಣೆಕಟ್ಟಿನ ಹಿನ್ನೀರು ನರಸಿಂಹರಾಜಪುರದ ಕಡೆಯ ಗದ್ದೆ, ತೋಟ, ಮನೆಗಳನ್ನು ಮುಳುಗಿಸಿತು, 2001-02ರಲ್ಲಿ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ಕುಟುಂಬಗಳು ತಲೆಮಾರುಗಳಿಂದ ಬಾಳಿದ ನೆಲವನ್ನು ಬಿಟ್ಟು ಎಂ.ಸಿ. ಹಳ್ಳಿ ಮೊದಲಾದ ಕಡೆ ಹೊಸ ನೆಲೆ ಕಂಡುಕೊಳ್ಳಬೇಕಾಯಿತು. ಆಪ್ತರನ್ನಾಗಲಿ, ನೆಲವನ್ನಾಗಲಿ, ತಾನು ಯಾರೆಂಬ ಗುರುತನ್ನಾಗಲಿ ಕಳೆದುಕೊಂಡವರಿಗೆ ಈ ಸೀಮೆಯೂ ಘಟ್ಟದ ಕೆಳಗಿನ ಕರಾವಳಿಯೂ ಯಾವ ಆಸರೆಯನ್ನು ಒದಗಿಸಿದವು, ಮನೋಚಿಕಿತ್ಸೆ ಎಂಬ ಹೊಸ ಕಸುಬು ಆ ಆಸರೆಗಳ ಪಕ್ಕದಲ್ಲಿ ಹೇಗೆ ನೆಲೆಯೂರಿತು ಎಂಬುದು ಗಂಭೀರವಾಗಿ ಗಮನಿಸಬೇಕಾದ ಚರಿತ್ರೆ.

ಮೊದಲ ಆಸರೆ ಸೂತಕದ ದಿನಗಳದು. ಸೂತಕವೆಂದರೆ ಸಾವಿನಿಂದಾಗಿ ಸಮೀಪದ ಬಂಧುಗಳಿಗೆ ತಟ್ಟುತ್ತದೆಂದು ನಂಬಲಾದ ಮೈಲಿಗೆಯ ಅವಧಿ. ಅದರ ದಿನಗಳ ಲೆಕ್ಕ ಜಾತಿಯಿಂದ ಜಾತಿಗೆ ಬೇರೆಯಾದರೂ, ಆ ಅವಧಿಯಲ್ಲಿ ದೇವರ ಪೂಜೆ ಮತ್ತು ಶುಭಕಾರ್ಯಗಳು ನಿಂತು, ಮನೆಯವರು ಸಾಮಾನ್ಯ ಬದುಕಿನಿಂದ ಒಂದಿಷ್ಟು ಹೊರಗೆ ಉಳಿಯುತ್ತಾರೆ. ಶಾಸ್ತ್ರ ಇದನ್ನು ಶುದ್ಧಾಶುದ್ಧದ ಲೆಕ್ಕದಲ್ಲಿ ವಿವರಿಸಿದರೂ, ಅದರ ಫಲವಾಗಿ ದುಃಖಿತರಿಗೆ ದಕ್ಕುತ್ತಿದ್ದುದು ಏನನ್ನೂ ಮಾಡದೆ ಕೂರುವ ಅನುಮತಿ. ಈ ದಿನಗಳಲ್ಲಿ ನೆಂಟರಿಷ್ಟರು, ನೆರೆಹೊರೆಯವರು ಸಾವಿನ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುತ್ತಾರೆ. ಬಂದವರು ಜಗಲಿಯಲ್ಲಿ ಕೂತು ಕಾಯಿಲೆ ಎಂದು ಶುರುವಾಯಿತು, ಔಷಧಿ ಯಾರದ್ದು, ಯಾವ ಹೊತ್ತಿಗೆ ಪ್ರಾಣ ಹೋಯಿತು ಎಂದು ಕೇಳುತ್ತಾರೆ; ಮನೆಯವರು ಅದೇ ಕಥೆಯನ್ನು ಹೊಸಬರು ಬಂದಂತೆಲ್ಲ ಮೊದಲಿನಿಂದ ಹೇಳುತ್ತಾರೆ; ಎದ್ದು ಹೊರಡುವವರು ವಾಡಿಕೆಯಂತೆ ‘ಹೋಗಿ ಬರುತ್ತೇವೆ’ ಎನ್ನದೆ ಸುಮ್ಮನೆ ಹೊರಡುತ್ತಾರೆ. ಒಂದೇ ನೋವನ್ನು ಹಲವರ ಮುಂದೆ ಹಲವು ಸಲ ಹೇಳುವುದರಿಂದ ಅದು ಹೇಳಿಕೊಳ್ಳಬಹುದಾದ, ಆದ್ದರಿಂದ ಹೊರಬಹುದಾದ ಸಂಗತಿಯಾಗುತ್ತದೆ ಎಂಬ ತಿಳಿವಳಿಕೆ ಈ ಪದ್ಧತಿಯೊಳಗೆ ಅಡಗಿದೆ.

ಆದರೆ ಇದೇ ಪದ್ಧತಿ ಎಲ್ಲರನ್ನೂ ಸಂತೈಸಲಿಲ್ಲ ಎಂಬುದನ್ನು ಮರೆಮಾಚುವುದು ಚರಿತ್ರೆಗೆ ಮಾಡುವ ಅಪಚಾರ. ಗಂಡ ಸತ್ತ ಹೆಂಗಸಿನ, ಅದರಲ್ಲೂ ಬ್ರಾಹ್ಮಣ ಮನೆಗಳ ವಿಧವೆಯ ಪಾಲಿಗೆ, ಉಳಿದವರಿಗೆ ಕೆಲವೇ ದಿನಗಳಲ್ಲಿ ಮುಗಿಯುವ ಸೂತಕ ಜೀವನಪೂರ್ತಿ ಮುಂದುವರಿಯಿತು. ಕುಂಕುಮ, ಬಳೆ, ಹೂವು ಹೋಗುವುದರ ಜೊತೆಗೆ ಅನೇಕರು ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟು ಅಡುಗೆಮನೆಯ ಹಿಂದಿನ ಕತ್ತಲಿಗೆ ಸರಿಯಬೇಕಾಯಿತು. ಗಂಡನೊಂದಿಗೆ ಆಕೆಯ ಗುರುತೂ ಹೋಯಿತು, ಮತ್ತು ಆ ಎರಡನೆಯ ಸಾವಿಗೆ ಮಾತಾಡಿಸಲು ಬರುವವರು ಯಾರೂ ಇರಲಿಲ್ಲ.

ಘಟ್ಟದ ಕೆಳಗೆ ಇಂಥ ಗುರುತಿನ ಬಿಕ್ಕಟ್ಟಿಗೆ ಒಂದು ಆಚರಣೆಯೇ ಮೂಡಿತ್ತು. ಆಗುಂಬೆ ಘಾಟಿಯ ದಾರಿಯಾಗಿ ಮಲೆನಾಡಿನ ಅಡಿಕೆ ತೋಟಗಳಿಗೆ ಸೇರೆಗಾರರು, ಅಂದರೆ ಆಳುಗಳನ್ನು ಕರೆತಂದು ಕೆಲಸ ಮಾಡಿಸುವ ಮೇಸ್ತ್ರಿಗಳು, ಕರೆತರುತ್ತಿದ್ದ ಜನರಲ್ಲಿ ಅನೇಕರು ತುಳುನಾಡಿನವರು. ಅಲ್ಲಿ ಬಂಟರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನ ಕಟ್ಟು ನಡೆದಿತ್ತು. ಈ ಕಟ್ಟಿನಲ್ಲಿ ಆಸ್ತಿ ತಂದೆಯಿಂದ ಮಗನಿಗಲ್ಲ, ಸೋದರಮಾವನಿಂದ ಅಳಿಯನಿಗೆ, ಅಂದರೆ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ. ಹೆಣ್ಣು ಮದುವೆಯಾಗಿ ಗಂಡನ ಮನೆಯಲ್ಲಿ ಬಾಳಿದರೂ ಅವಳ ಹಕ್ಕೂ ಕುಟುಂಬದ ಹೆಸರೂ ತಾಯಿಮನೆಯವು. ಎರಡು ಮನೆಗಳ ನಡುವೆ ಹಂಚಿಹೋದ ಈ ಬದುಕಿನ ಇಕ್ಕಟ್ಟುಗಳು ಸಿರಿಯ ಪಾಡ್ದನದಲ್ಲಿ, ಎಂದರೆ ತುಳುವಿನ ದೀರ್ಘ ಕಥನಗೀತೆಯಲ್ಲಿ, ರೂಪ ಪಡೆದಿವೆ: ಗಂಡನಿಂದ ಅನ್ಯಾಯಕ್ಕೊಳಗಾಗಿ ಅವನನ್ನು ತೊರೆದ ಸಿರಿ, ಅವಳ ಮಗ ಕುಮಾರ, ಮಗಳು ಸೊನ್ನೆ, ಚೆನ್ನೆಮಣೆಯ ಆಟದಲ್ಲಿ ಜಗಳವಾಡಿ ಪ್ರಾಣ ಕಳೆದುಕೊಂಡ ಮೊಮ್ಮಕ್ಕಳಾದ ಅಬ್ಬಗ ಮತ್ತು ದಾರಗ.

ಕವತ್ತಾರು, ಹಿರಿಯಡಕ ಮೊದಲಾದ ಕಡೆ ನಡೆಯುವ ಸಿರಿಜಾತ್ರೆಯ ರಾತ್ರಿ ನೂರಾರು ಹೆಂಗಸರು ಕೈಯಲ್ಲಿ ಅಡಿಕೆಯ ಹಿಂಗಾರ ಹಿಡಿದು ಸೇರುತ್ತಾರೆ. ಮನೆಯಲ್ಲಿ ಕಾರಣ ತಿಳಿಯದೆ ಮಂಕಾದವಳು, ಮೈಮೇಲೆ ಬಂದಂತೆ ನಡುಗುವವಳು, ಮಾತು ಬಿಟ್ಟವಳು ಮೊದಲ ಸಲ ಅಲ್ಲಿಗೆ ಬಂದಾಗ ಕುಮಾರನ ಪಾತ್ರ ವಹಿಸಿದ ಗಂಡಸು ಅವಳನ್ನು ನೀನು ಯಾರು ಎಂದು ಬಿಡದೆ ಕೇಳುತ್ತಾನೆ. ಅವಳೊಡನೆ ಬಂದ ಮನೆಯವರು ಸುತ್ತ ನಿಂತಿರುತ್ತಾರೆ. ಅವಳು ಅತ್ತು, ಕೂಗಿ, ಕೊನೆಗೆ ತಾನು ಸಿರಿ, ತಾನು ದಾರಗ ಎಂದು ಹೆಸರು ಹೇಳುತ್ತಾಳೆ, ಹೇಳಿ ತನ್ನ ದೂರನ್ನೂ ಮುಂದಿಡುತ್ತಾಳೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1975ರಲ್ಲಿ ಈ ಆಚರಣೆಯನ್ನು ಕುರಿತು ಲೇಖನ ಪ್ರಕಟಿಸಿದ ಮೇಲೆ ವಿದ್ವಾಂಸರು ಇದರ ಚಿಕಿತ್ಸಕ ಮುಖವನ್ನು ಚರ್ಚಿಸುತ್ತ ಬಂದಿದ್ದಾರೆ. ಸೊಸೆಯಾಗಿ ಹೇಳಲಾಗದ ಮಾತನ್ನು ಸಿರಿಯಾಗಿ ಹೇಳಿದಾಗ ಮನೆಯವರು ಕೇಳಲೇಬೇಕು ಎಂಬುದೇ ಈ ಆಚರಣೆಯ ಬಲ. ಮತ್ತೆ ಮತ್ತೆ ಜಾತ್ರೆಗೆ ಬರುವವಳಿಗೆ ಅಲ್ಲಿ ತನ್ನಂಥವರ ಇನ್ನೊಂದು ಕುಟುಂಬವೂ ಸಿಗುತ್ತದೆ. ಇದನ್ನು ಮೂಢನಂಬಿಕೆಯೆಂದು ಪಕ್ಕಕ್ಕೆ ತಳ್ಳುವುದು ಸುಲಭ, ಆದರೆ ಅದರಿಂದ ಆ ಹೆಂಗಸರ ನೋವು ನಮಗೆ ಅರ್ಥವಾಗುವುದಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಆ ಅಳಿಯಸಂತಾನ ಕಟ್ಟೇ ಸಡಿಲಿತು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯ ಪಾಲಿಗೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅದನ್ನು ಇನ್ನಷ್ಟು ಮುಂದಕ್ಕೊಯ್ದಿತು. ಮಾವನ ಮನೆಯ ಯಜಮಾನಿಕೆಗೆ ಸಜ್ಜಾದ ಅಳಿಯನೂ, ತಾಯಿಮನೆಯನ್ನೇ ನಂಬಿದ್ದ ಮಗಳೂ ತಾವು ಯಾವ ಮನೆಯವರು ಎಂದು ಹೊಸದಾಗಿ ಕೇಳಿಕೊಳ್ಳಬೇಕಾದ ಸ್ಥಿತಿ ಬಂದಿತು. ಈ ಪಲ್ಲಟಕ್ಕೂ ಮನಸ್ಸಿನ ಕಾಯಿಲೆಗೂ ಇರುವ ನಂಟನ್ನು ಹುಡುಕಿ ಕರಾವಳಿಯ ಕೋಟಕ್ಕೆ ಬಂದವರು ಎಡಿನ್‌ಬರೋ ವಿಶ್ವವಿದ್ಯಾಲಯದ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಭಾರತದ ಮನೋವೈದ್ಯ ಆರ್.ಎಲ್. ಕಪೂರ್. ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಅವರು ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳನ್ನು ಹೋಲಿಸಿದರು. ಜನರ ಭಾಷೆಯಲ್ಲೇ, ಜನರಿಗೆ ತಿಳಿಯುವಂತೆ ಕೇಳುವುದಕ್ಕಾಗಿ ಹೊಸ ಸಂದರ್ಶನ ಕ್ರಮವೊಂದನ್ನು ರೂಪಿಸಿಕೊಂಡರು. ಫಲಿತಾಂಶವನ್ನು 1976ರಲ್ಲಿ ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಗಿ ಹೊರತಂದರು. ಕೋಟದಲ್ಲಿ ಕಪೂರ್ ಮೂರು ಬಗೆಯ ನಾಟಿ ಚಿಕಿತ್ಸಕರನ್ನು ಗುರುತಿಸಿದರು: ಔಷಧಿ ಕೊಡುವ ವೈದ್ಯ, ಮಂತ್ರ ಮತ್ತು ಜ್ಯೋತಿಷ್ಯದ ಮಂತ್ರವಾದಿ, ದೈವ ಮೈಮೇಲೆ ಬಂದಾಗ ಮನೆಯವರ ಪ್ರಶ್ನೆಗಳಿಗೆ ಉತ್ತರ ಹೇಳುವ ಪಾತ್ರಿ. ಜನರು ಇವರ ಬಳಿಗೂ ಆಸ್ಪತ್ರೆಗೂ ಒಟ್ಟೊಟ್ಟಿಗೆ ಹೋಗುತ್ತಿದ್ದರು. ಮುಂದಿನ ಕೆಲಸಕ್ಕೆ ಇದಕ್ಕಿಂತ ಬೆಲೆಬಾಳುವ ಪಾಠ ಇರಲಿಲ್ಲ, ಏಕೆಂದರೆ ಹಳೆಯ ಬಾಗಿಲು ಮುಚ್ಚಿದರಷ್ಟೇ ಹೊಸ ಬಾಗಿಲಿಗೆ ಜನ ಬರುತ್ತಾರೆಂಬ ಊಹೆಯನ್ನು ಅದು ಅಲ್ಲಗಳೆಯಿತು.

ಬೆಂಗಳೂರಿನಲ್ಲಿ ಹೊಸ ಬಾಗಿಲು ತೆರೆಯುವುದಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿದಿತ್ತು. 1847ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಸಂಸ್ಥೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆಯಿತು, ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಎಂ.ವಿ. ಗೋವಿಂದಸ್ವಾಮಿ ಅವರ ಕಾಲದಲ್ಲಿ, 1954ರಲ್ಲಿ, ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, ಮರುವರ್ಷದಿಂದ ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರ, ಅಂದರೆ ಔಷಧಿಯ ಬದಲು ಮಾತು ಮತ್ತು ಪರೀಕ್ಷೆಗಳಿಂದ ನೆರವಾಗುವವರ, ತರಬೇತಿಯೂ ಅಲ್ಲಿ ನಡೆಯತೊಡಗಿತು. 1974ರಲ್ಲಿ ಈ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಅದೇ ದಶಕದಲ್ಲಿ ಅಲ್ಲಿ ಬೆಳೆದ ಕುಟುಂಬ ಚಿಕಿತ್ಸೆ ರೋಗಿಯೊಬ್ಬನನ್ನೇ ಕೋಣೆಯಲ್ಲಿ ಕೂರಿಸುವ ಪಶ್ಚಿಮದ ರೂಢಿಯನ್ನು ಬಿಟ್ಟು, ಮನೆಮಂದಿಯನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಂಡು ಅವರೆಲ್ಲರ ನಡುವೆ ಮಾತು ಬೆಳೆಸಿತು. ಸಾವಿನ ಮನೆಯ ಜಗಲಿಯನ್ನೂ ಸಿರಿಜಾತ್ರೆಯ ಅಂಗಳವನ್ನೂ ಬಲ್ಲವರಿಗೆ ಇದು ಪರಕೀಯವೆನಿಸಲು ಕಾರಣವಿರಲಿಲ್ಲ. ಕಪೂರ್ ಅವರು ನಿಮ್ಹಾನ್ಸ್ ಸೇರಿ ಸಮುದಾಯ ಮನೋವೈದ್ಯ ವಿಭಾಗವನ್ನು ಕಟ್ಟಿದರು, ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೂ ಕಾರ್ಯಕರ್ತರನ್ನೂ ತರಬೇತುಗೊಳಿಸಿದ ಪ್ರಯೋಗ ಮುಂದೆ ದೇಶಕ್ಕೇ ಮಾದರಿಯಾಯಿತು.

ಹಿರೇಕೊಡಿಗೆಯ ಸೀಮೆಗೆ ಈ ಕಸುಬು ಸಮೀಪವಾದದ್ದು ಮುಖ್ಯವಾಗಿ ಶಿವಮೊಗ್ಗದ ಮೂಲಕ. ಅಲ್ಲಿ ‘ಮಾನಸ’ ಸಂಸ್ಥೆಯನ್ನು ಕಟ್ಟಿದ ಡಾ. ಅಶೋಕ್ ಪೈ ಚಿಕಿತ್ಸೆಯ ಜೊತೆಗೆ ಬರವಣಿಗೆಯನ್ನೂ ಸಿನಿಮಾವನ್ನೂ ಬಳಸಿದರು. ನಿರ್ದೇಶಕ ಸುರೇಶ್ ಹೆಬ್ಳೀಕರ್ ಅವರೊಂದಿಗೆ ಅವರು ರೂಪಿಸಿದ ‘ಕಾಡಿನ ಬೆಂಕಿ’ ಚಿತ್ರ ಮನಸ್ಸಿನ ಒಳಗಿನ ಗಾಯವನ್ನು ಕನ್ನಡದ ಪ್ರೇಕ್ಷಕರ ಮುಂದಿಟ್ಟಿತು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸರಳ ಕನ್ನಡದ ಪುಸ್ತಕಗಳು ಹಳ್ಳಿಯ ಓದುಗರನ್ನೂ ಮುಟ್ಟಿದವು. ಇತ್ತೀಚೆಗೆ ‘ಮನೋಚೈತನ್ಯ’ ಯೋಜನೆಯ ಮಂಗಳವಾರದ ಚಿಕಿತ್ಸಾಲಯಗಳು ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಸಮಾಲೋಚಕರೊಡನೆ ಮಾತಾಡಬಹುದು. ಇವೆರಡೂ ಬೇಕಾದ ಏರ್ಪಾಡುಗಳೇ. ಆದರೆ ಸಾಲುಗಟ್ಟಿ ಕಾದವರಿರುವ ಚಿಕಿತ್ಸಾಲಯದಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಕೆಲವು ನಿಮಿಷಗಳು ಮಾತ್ರೆ ಬರೆಯಲು ಸಾಕಾಗುತ್ತವೆಯೇ ಹೊರತು, ಮುಳುಗಿದ ತೋಟದ ಅಥವಾ ತೀರಿಹೋದ ಮಗನ ಕಥೆಯನ್ನು ಮೊದಲಿನಿಂದ ಕೇಳಲು ಸಾಕಾಗುವುದಿಲ್ಲ, ಮತ್ತು ಆ ಸಮಯವನ್ನು ಕೊಡಬಲ್ಲ ತರಬೇತಾದ ಸಮಾಲೋಚಕರ ಹುದ್ದೆಗಳು ಕೊಪ್ಪ, ಶೃಂಗೇರಿಗಳಂಥ ತಾಲ್ಲೂಕುಗಳಿಗೆ ಔಷಧಿಯಷ್ಟೇ ಅವಶ್ಯ.