ಹಣ್ಣಿನ ವೈನಿನ ಹಿಂದಿನ ಸಕ್ಕರೆ

ಬೇಸಿಗೆಯ ಕೊನೆಗೆ ಬ್ರಿಟನ್ನಿನ ಬೇಲಿಗಳ ತುಂಬ ಬ್ಲ್ಯಾಕ್‌ಬೆರಿ, ಎಲ್ಡರ್‌ಬೆರಿ ಹಣ್ಣಾಗುತ್ತವೆ. ಇಂಥ ಹಣ್ಣುಗಳಿಂದ ಮನೆಯಲ್ಲೇ ಮಾಡುವ ವೈನಿಗೆ ಇಲ್ಲಿನವರು ‘ಕಂಟ್ರಿ ವೈನ್’ ಎನ್ನುತ್ತಾರೆ. ಬಿಟ್ಟಿ ಸಿಗುವ ಹಣ್ಣಿನ ಅಗ್ಗದ ಪಾನೀಯವೆಂದು ಇದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಇದರ ಏಳುಬೀಳುಗಳನ್ನು ನಿರ್ಧರಿಸಿದ್ದು ಹಣ್ಣಲ್ಲ, ಸಕ್ಕರೆ.

ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನು ಈಸ್ಟ್ ಮದ್ಯಸಾರವಾಗಿ ಮಾರ್ಪಡಿಸುತ್ತದೆ. ವೈನಿಗೆಂದೇ ಬೆಳೆಯುವ ದ್ರಾಕ್ಷಿಯ ರಸದಲ್ಲಿ ಶೇಕಡಾ 20ರಷ್ಟು ಸಕ್ಕರೆ ಇರುತ್ತದೆ. ಬ್ಲ್ಯಾಕ್‌ಬೆರಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಆದ್ದರಿಂದ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕೂವರೆ ಲೀಟರ್ ವೈನಿಗೆ ಒಂದು ಕಿಲೋಗೂ ಹೆಚ್ಚು ಸಕ್ಕರೆ ಬೇಕು. ಇಲ್ಲದಿದ್ದರೆ ವೈನು ಸಪ್ಪೆಯಾಗಿ ಬೇಗನೆ ಕೆಡುತ್ತದೆ.

1817ರಲ್ಲಿ ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಗೆಳತಿಗೆ ಬರೆದ ಪತ್ರದಲ್ಲಿ ಕಿತ್ತಳೆ ವೈನ್ ಮಾಡುವ ವಿಧಾನವನ್ನು ಕೇಳಿದ್ದಾರೆ. ಆ ಕಾಲದಲ್ಲಿ ಬ್ರಿಟನ್ನಿಗೆ ಬರುತ್ತಿದ್ದ ಸಕ್ಕರೆಯ ಬಹುಪಾಲು ಕೆರಿಬಿಯನ್ ದ್ವೀಪಗಳ ಗುಲಾಮರ ದುಡಿಮೆಯದು. ಗುಲಾಮಗಿರಿಯನ್ನು ರದ್ದುಪಡಿಸುವ ಕಾಯಿದೆ ಬಂದದ್ದು 1833ರಲ್ಲಿ. 1874ರಲ್ಲಿ ಸಕ್ಕರೆಯ ಮೇಲಿನ ಸುಂಕವನ್ನೂ ತೆಗೆದುಹಾಕಿದಾಗ ಬಡ ಮನೆಗಳಿಗೂ ಅದು ಎಟುಕತೊಡಗಿತು.

ಎರಡನೆಯ ಮಹಾಯುದ್ಧದಲ್ಲಿ, 1940ರ ಜನವರಿಯಿಂದ, ಸಕ್ಕರೆ ರೇಷನ್ನಿಗೆ ಬಂತು. ಅದು ಮುಗಿದದ್ದು 1953ರ ಸೆಪ್ಟೆಂಬರಿನಲ್ಲಿ. ಆ ದಶಕದಲ್ಲೇ ಊರೂರಲ್ಲಿ ವೈನ್ ಮಾಡುವವರ ಬಳಗಗಳು ಹುಟ್ಟಿಕೊಂಡವು. ಆಂಡೋವರ್ ಪಟ್ಟಣದ ಬಳಗವನ್ನು ಕಟ್ಟಿದ ಸಿ.ಜೆ.ಜೆ. ಬೆರ್ರಿ ಅವರ ಕೈಪಿಡಿ ಮುಂದೆ ಮನೆಮಾತಾಯಿತು.

ಕಡಿಮೆ ಸಿಹಿಯ ಹಣ್ಣಿಗೆ ಕಬ್ಬಿನ ಸಿಹಿ ಬೆರೆಸುವ ಉಪಾಯ ನಮ್ಮವರಿಗೂ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಬೇಲದ ಹಣ್ಣಿನ ಆಸವದ ಲೆಕ್ಕವಿದೆ: ಹಣ್ಣು 100 ಪಲ, ಫಾಣಿತ 500 ಪಲ, ಜೊತೆಗೆ ಒಂದು ಪ್ರಸ್ಥ ಜೇನು. ಫಾಣಿತವೆಂದರೆ ಕಬ್ಬಿನ ಹಾಲನ್ನು ಕಾಯಿಸಿ ಮಂದಗೊಳಿಸಿದ್ದು, ನಮ್ಮ ಮಲೆನಾಡಿನ ಜೋನಿಬೆಲ್ಲದಂಥದು. ಹಣ್ಣಿನ ಐದರಷ್ಟು!

ಮದ್ಯದ ವ್ಯವಹಾರವನ್ನು ರಾಜ್ಯದ ಹಿಡಿತದಲ್ಲಿಟ್ಟ ಕೌಟಿಲ್ಯನೂ ಶುಭಕಾರ್ಯಗಳಿಗೆ ಮತ್ತು ಔಷಧಕ್ಕೆ ಮನೆಯವರು ತಾವೇ ತಯಾರಿಸಿಕೊಳ್ಳಲು ಅವಕಾಶ ಕೊಟ್ಟಿದ್ದಾನೆ. ಬ್ರಿಟನ್ನಿನಲ್ಲಿ ಮನೆಯ ಬಿಯರಿಗೆ 1963ರವರೆಗೆ ಲೈಸೆನ್ಸ್ ಬೇಕಿತ್ತು. ಸ್ವಂತ ಬಳಕೆಯ ವೈನಿಗೆ ಬೇಕಿರಲಿಲ್ಲ. ಇಂದಿಗೂ ಅದನ್ನು ಮಾರದಿದ್ದರೆ ಸುಂಕವಿಲ್ಲ. ಮನೆಯೊಳಗಿನ ಜಾಡಿಯನ್ನು ಎರಡೂ ರಾಜ್ಯಗಳು ಅದರ ಪಾಡಿಗೆ ಬಿಟ್ಟವು. ಆದರೆ ಅದರಲ್ಲಿನ ಸಿಹಿ ಯಾರ ಬೆವರಿನದು ಎಂಬ ಪ್ರಶ್ನೆಯನ್ನು ಚರಿತ್ರೆ ಬಿಟ್ಟುಕೊಡುವುದಿಲ್ಲ.